ಕ್ರಾಬಿಯೋ ಸಮುಯಿಯೋ, ಅಯುತ್ಥಯವೋ ಚಿಯಾಂಗ್ ಮಾಯೋ: ಮೂರು ಥಾಯ್ ಪ್ರವಾಸಗಳ ಹೋಲಿಕೆ

ಥಾಯ್ಲೆಂಡಿಗೆ ನಾನು ಮೂರು ಸಲ ಹೋಗಿ ಬಂದೆ. ಮೂರು ಸಲವೂ ಆಸೆ ಒಂದೇ: ಸ್ವಲ್ಪ ಗುಡಿ ಗೋಪುರ, ಸ್ವಲ್ಪ ಪೇಟೆ, ಕೊನೆಗೆ ಕಡಲು. ಮೊದಲ ಸಲ ಜುಲೈ ಕೊನೆಯ ವಾರದಲ್ಲಿ ಗಂಡ ಮತ್ತು ನಾನು ಬ್ಯಾಂಕಾಕ್, ಅಯುತ್ಥಯ, ಕ್ರಾಬಿ ಸುತ್ತಿದೆವು. ಮರುವರ್ಷ ಅದೇ ಜುಲೈಯಲ್ಲಿ ಬ್ಯಾಂಕಾಕ್, ಸುಖೋಥೈ, ಕೊ ಸಮುಯಿ. ಮೂರನೆಯದು ಜನವರಿಯಲ್ಲಿ, ಅಮ್ಮನನ್ನು ಕರೆದುಕೊಂಡು: ಬ್ಯಾಂಕಾಕ್, ಚಿಯಾಂಗ್ ಮಾಯ್, ಮತ್ತೆ ಕ್ರಾಬಿ. ಪರಿಚಯದವರು ಯಾರೇ ಹೊರಟರೂ "ಎಲ್ಲಿಗೆ ಹೋದರೆ ಒಳ್ಳೆಯದು" ಎಂದು ಕೇಳುತ್ತಾರೆ. "ಯಾವ ತಿಂಗಳು ಹೊರಟಿದ್ದೀರಿ" ಎಂದು ನಾನು ತಿರುಗಿ ಕೇಳುತ್ತೇನೆ. ಅದಕ್ಕೆ ಕಾರಣ ಮೊದಲ ಪ್ರವಾಸ.

ಕ್ರಾಬಿಯ ಆವ್ ನಾಂಗ್‌ನಲ್ಲಿ ಮೊದಲ ಬೆಳಿಗ್ಗೆ ಎದ್ದು ನೋಡಿದರೆ ಕಡಲು ಕೆಸರು ಕಲಸಿದ ಬಣ್ಣದಲ್ಲಿತ್ತು. ತೀರದುದ್ದಕ್ಕೂ ಕೆಂಪು ಬಾವುಟ ನೆಟ್ಟಿದ್ದರು. ಮೂತಿಗೆ ಬಣ್ಣದ ಬಟ್ಟೆ ಸುತ್ತಿದ ಉದ್ದಬಾಲದ ದೋಣಿಗಳು ಲಂಗರು ಹಾಕಿದಲ್ಲೇ ಕುಣಿಯುತ್ತಿದ್ದವು. ಫಿ ಫಿ ದ್ವೀಪಕ್ಕೆ ನಾವು ಮೊದಲೇ ಹೇಳಿಟ್ಟಿದ್ದ ಸ್ಪೀಡ್‌ಬೋಟ್ ಆ ದಿನ ರದ್ದು, ಮರುದಿನವೂ ರದ್ದು. ನಾಲ್ಕು ದಿನದಲ್ಲಿ ಕಡಲಿಗೆ ಕಾಲಿಟ್ಟದ್ದು ಒಂದೇ ಮಧ್ಯಾಹ್ನ. ಸಂಜೆ ಮಂಗಳೂರಿಗೆ ಫೋನ್ ಮಾಡಿ ಬೇಸರ ಹೇಳಿಕೊಂಡರೆ ಅಮ್ಮ, "ಆಟಿ ತಿಂಗಳಲ್ಲಿ ಕಡಲಿಗೆ ಇಳಿಯುವವರುಂಟಾ ಮಗಾ?" ಎಂದರು.

ಅವರು ಹೇಳಿದ್ದರಲ್ಲಿ ಎಲ್ಲವೂ ಇತ್ತು. ಕ್ರಾಬಿ, ಫುಕೆಟ್, ಫಿ ಫಿ ಇರುವುದು ಥಾಯ್ಲೆಂಡಿನ ಪಶ್ಚಿಮಕ್ಕೆ, ಅಂಡಮಾನ್ ಸಮುದ್ರದ ಕಡೆ. ನಮ್ಮ ಕರಾವಳಿಗೆ ಮಳೆ ತರುವ ನೈಋತ್ಯ ಮಾರುತವೇ ಅಲ್ಲಿಗೂ ಬೀಸುತ್ತದೆ, ಮೇ ನಡುವಿನಿಂದ ಅಕ್ಟೋಬರ್‌ವರೆಗೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಯಾಂತ್ರಿಕ ಮೀನುಗಾರಿಕಾ ದೋಣಿಗಳು ದಕ್ಕೆಯಲ್ಲೇ ಕಟ್ಟಿಹಾಕಿಕೊಂಡಿರುತ್ತವೆ ಎಂಬುದನ್ನು ನೋಡುತ್ತಲೇ ಬೆಳೆದವಳು ನಾನು. ಆದರೂ ಅದೇ ಗಾಳಿಯ ಎದುರಿನ ಇನ್ನೊಂದು ತೀರಕ್ಕೆ ಅದೇ ವಾರ ಟಿಕೆಟ್ ತೆಗೆದಿದ್ದೆ.

ಮರುವರ್ಷ ಹಟ ಹಿಡಿದು ಅದೇ ಜುಲೈ ಕೊನೆಗೆ ಹೋದೆವು, ಈ ಸಲ ಪೂರ್ವದ ಕಡೆ, ಥಾಯ್ಲೆಂಡ್ ಕೊಲ್ಲಿಯಲ್ಲಿರುವ ಸಮುಯಿಗೆ. ನಡುವಿನ ಬೆಟ್ಟಸಾಲು ನೈಋತ್ಯ ಮಳೆಯನ್ನು ಬಹಳಷ್ಟು ತಡೆಯುತ್ತದೆ. ಐದು ದಿನದಲ್ಲಿ ಎರಡು ಸಂಜೆ ಅರ್ಧರ್ಧ ಗಂಟೆ ಮಳೆ, ಅಷ್ಟೇ. ಲಮಾಯ್ ತೀರದಲ್ಲಿ ನೀರು ಕೆರೆಯ ಹಾಗೆ ನಿಂತಿತ್ತು. 42 ದ್ವೀಪಗಳ ಆಂಗ್ ಥಾಂಗ್ ರಾಷ್ಟ್ರೀಯ ಉದ್ಯಾನಕ್ಕೆ ದೋಣಿ ಹೇಳಿದ ಹೊತ್ತಿಗೆ ಹೊರಟಿತು. ಅಲ್ಲಿ ಕೊ ಮೇ ಕೊ ದ್ವೀಪದ ಕಡಿದಾದ ಮೆಟ್ಟಿಲು ಹತ್ತಿದರೆ ಬಂಡೆಗಳ ನಡುವೆ ಪಾಚಿ ಹಸಿರಿನ ಉಪ್ಪುನೀರಿನ ಕೊಳ. ಒಂದು ಸಂಗತಿ ನನ್ನನ್ನು ತುಂಬ ತಟ್ಟಿತು: ಚವೆಂಗ್, ಲಮಾಯ್ ಎರಡೂ ಪೂರ್ವಕ್ಕೆ ಮುಖ ಮಾಡಿವೆ. ಸೂರ್ಯ ಕಡಲಲ್ಲಿ ಮುಳುಗುವುದನ್ನೇ ನೋಡಿ ಬೆಳೆದ ನಮಗೆ ಅಲ್ಲಿ ಸೂರ್ಯ ಕಡಲಿನಿಂದ ಏಳುತ್ತಾನೆ. ಐದು ದಿನವೂ ಐದೂವರೆಗೆ ಎದ್ದು ಮರಳಿನಲ್ಲಿ ಕೂತೆ.

ಸಮುಯಿಯ ಕೆಟ್ಟ ಕಾಲ ಅಕ್ಟೋಬರ್ ನಡುವಿನಿಂದ ಡಿಸೆಂಬರ್‌ವರೆಗೆ. ಈಶಾನ್ಯದ ಗಾಳಿ ಆಗ ಮಳೆ ಹೊತ್ತು ತರುತ್ತದೆ, ನವೆಂಬರ್ ಎಲ್ಲಕ್ಕಿಂತ ಜೋರು. ವಿಮಾನ ದರವೂ ಕ್ರಾಬಿಗಿಂತ ಜಾಸ್ತಿ. ಹೋಗುವಾಗ ನಾವು ಸೂರತ್ ಥಾನಿವರೆಗೆ ವಿಮಾನ, ಅಲ್ಲಿಂದ ಡೊನ್ ಸಕ್ ಜೆಟ್ಟಿಗೆ ಬಸ್ಸು, ಆಮೇಲೆ ಒಂದೂವರೆ ಗಂಟೆಯ ಫೆರಿ ಹಿಡಿದು ದುಡ್ಡು ಉಳಿಸಿದೆವು. ಉಳಿದದ್ದಕ್ಕೆ ಅರ್ಧ ದಿನ ಹೋಯಿತು. ಇಬ್ಬರೇ ಇದ್ದರೆ ಸರಿ, ಮಕ್ಕಳೋ ಹಿರಿಯರೋ ಇದ್ದರೆ ನೇರ ವಿಮಾನಕ್ಕೇ ದುಡ್ಡು ಹಾಕಿ.

ಜನವರಿಯ ಕ್ರಾಬಿಯ ಮಾತೇ ಬೇರೆ. ಜುಲೈಯಲ್ಲಿ ಮಂಜಿನ ಹಿಂದೆ ಅಡಗಿದ್ದ ಸುಣ್ಣಕಲ್ಲಿನ ಬಂಡೆಗಳು ನೀರಿನಿಂದ ನೆಟ್ಟಗೆ ಎದ್ದು ನಿಂತಿದ್ದವು. ರೈಲೇ ಎಂಬ ಹೆಸರಿನ ತೀರಕ್ಕೆ ರಸ್ತೆಯೇ ಇಲ್ಲ, ಬಂಡೆಗಳು ಅಡ್ಡ, ದೋಣಿಯಲ್ಲೇ ಹೋಗಬೇಕು. ಒಳ್ಳೆಯ ಹವೆಯಲ್ಲಿ ಸಮುಯಿ, ಕ್ರಾಬಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಚೆಲುವಿನಲ್ಲಿ ಕ್ರಾಬಿಯೇ ಮೇಲು, ನನಗೆ ಇದರಲ್ಲಿ ಎರಡನೇ ಯೋಚನೆಯಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು: ಆವ್ ನಾಂಗ್‌ನಲ್ಲಿ ಮೊಣಕಾಲುದ್ದ ನೀರಿಗೆ ಇಳಿದು, ದೋಣಿಯ ಬದಿಯ ಪುಟ್ಟ ಏಣಿ ಹಿಡಿದು ಹತ್ತಬೇಕು. ಅಲೆಗೆ ದೋಣಿ ವಾಲುತ್ತಿರುತ್ತದೆ. ಅಮ್ಮ ಸೀರೆ ಎತ್ತಿ ಕಟ್ಟಿ ಹತ್ತಿದರು, ಆದರೆ ದೋಣಿಯವನು ಒಂದು ಕೈ, ನಾನು ಒಂದು ಕೈ ಹಿಡಿಯಬೇಕಾಯಿತು. ಮರುದಿನ ಆವ್ ನಾಮ್ ಮಾವ್ ಜೆಟ್ಟಿಯಿಂದ ರೈಲೇಯ ಪೂರ್ವ ಬದಿಗೆ ಹೋದೆವು, ಅದು ಎಷ್ಟೋ ಸುಲಭ. ಇನ್ನು ಫಿ ಫಿಯ ‘ಮಾಯಾ ಬೇ’ ಕೊಲ್ಲಿಗಾಗಿಯೇ ಹೋಗುವವರು ಗಮನಿಸಿ: ಹವಳ ಹಾಳಾಯಿತೆಂದು 2018ರಲ್ಲಿ ಮುಚ್ಚಿದ ಆ ಕೊಲ್ಲಿ 2022ರ ಜನವರಿಯಲ್ಲಿ ತೆರೆಯಿತು. ಈಗಲೂ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತಾರೆ, ತೆರೆದಿದ್ದಾಗಲೂ ಈಜಲು ಬಿಡುವುದಿಲ್ಲ.

ಗುಡಿಗಳ ಊರು ಯಾವುದು?

ಅಯುತ್ಥಯದ ಹೆಸರೇ ನಮ್ಮ ಅಯೋಧ್ಯೆಯಿಂದ ಬಂದದ್ದು. ಬ್ಯಾಂಕಾಕಿನಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ಮೂರನೇ ದರ್ಜೆಯ ರೈಲಿಗೆ ನಾವು ಕೊಟ್ಟದ್ದು ತಲಾ 20 ಬಾತ್. ಕಿಟಕಿ ತೆರೆದು, ಗದ್ದೆ ನೋಡುತ್ತಾ ಹೋಗಬಹುದು. ನಿಲ್ದಾಣದ ಎದುರು ದೋಣಿಯಲ್ಲಿ ನದಿ ದಾಟಿ ಸೈಕಲ್ ಬಾಡಿಗೆಗೆ ಹಿಡಿದೆವು. ಬರ್ಮಾ ಸೇನೆ 1767ರಲ್ಲಿ ಸುಟ್ಟು ಹಾಕಿದ ರಾಜಧಾನಿ ಅದು. ಹಂಪಿ ನೋಡಿದವರಿಗೆ ಅಲ್ಲಿ ಕಾಲಿಟ್ಟ ಕೂಡಲೇ ಹೊಟ್ಟೆಯಲ್ಲಿ ಏನೋ ಆಗುತ್ತದೆ: ಸಾಲು ಸಾಲು ತಲೆಯಿಲ್ಲದ ಬುದ್ಧರು. ಹಂಪಿಯದು ಕಲ್ಲು, ಇಲ್ಲಿಯದು ಇಟ್ಟಿಗೆ ಮತ್ತು ಗಾರೆ. ಹಾಗಾಗಿ ಬೆಂಕಿಯ ಪೆಟ್ಟು ಇನ್ನೂ ಹಸಿಯಾಗಿ ಕಾಣುತ್ತದೆ. ವಾಟ್ ಮಹಾಥಾಟ್‌ನಲ್ಲಿ (ವಾಟ್ ಅಂದರೆ ಬೌದ್ಧ ಗುಡಿ) ಮರದ ಬೇರು ತಬ್ಬಿಕೊಂಡ ಬುದ್ಧನ ತಲೆಯ ಮುಂದೆ ಎಲ್ಲರೂ ಕುಕ್ಕರುಗಾಲಲ್ಲಿ ಕೂತು ಫೋಟೋ ತೆಗೆಯುತ್ತಾರೆ, ನಮ್ಮ ತಲೆ ಬುದ್ಧನ ತಲೆಗಿಂತ ಮೇಲೆ ಇರಬಾರದು.

ಸುಖೋಥೈ ಅದಕ್ಕಿಂತ ಹಳೆಯದು, 13ನೇ ಶತಮಾನದ್ದು, ಎಷ್ಟೋ ಪಾಲು ಶಾಂತ. ರೈಲಿಲ್ಲ; ಫಿಟ್ಸನುಲೋಕ್‌ವರೆಗೆ ರೈಲು, ಆಮೇಲೆ ಬಸ್ಸು. ವಾಟ್ ಸಿ ಚುಮ್ ಎಂಬಲ್ಲಿ ಚೌಕದ ಗೋಡೆಯ ನಡುವೆ ಒಂದು ಕಿರಿದಾದ ಸೀಳು. ದೂರದಿಂದ ಆ ಸೀಳಿನಲ್ಲಿ ಬುದ್ಧನ ಮುಖದ ಒಂದು ಪಟ್ಟಿ ಮಾತ್ರ ಕಾಣುತ್ತದೆ, ಹತ್ತಿರ ಹೋದಂತೆ 15 ಮೀಟರ್ ಎತ್ತರದ ಮೂರ್ತಿ ತೆರೆದುಕೊಳ್ಳುತ್ತದೆ. ಉದ್ದನೆಯ ಬೆರಳುಗಳಿಗೆ ಭಕ್ತರು ಅಂಟಿಸಿದ ಚಿನ್ನದ ರೇಕು. ಅದರ ಅಂಚು ಗಾಳಿಗೆ ಪಟಪಟ ಅನ್ನುತ್ತಿತ್ತು. ಬೆಳಿಗ್ಗೆ ಏಳು ಗಂಟೆಗೆ ನಾವಿಬ್ಬರೇ ಇದ್ದೆವು. ಪಾಳು ಊರುಗಳಲ್ಲಿ ಮನಸ್ಸು ತೊಡಗಿಸುವವರಿಗೆ ನನ್ನ ಆಯ್ಕೆ ಸುಖೋಥೈ. ದಿನ ಕಡಿಮೆ ಇದ್ದವರಿಗೆ ಅಯುತ್ಥಯ, ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ಚಿಯಾಂಗ್ ಮಾಯ್ ಈ ಎರಡರ ಜೊತೆ ಹೋಲಿಸುವಂಥದ್ದೇ ಅಲ್ಲ, ಏಕೆಂದರೆ ಅದು ಬದುಕಿರುವ ಊರು. 1296ರಲ್ಲಿ ದೊರೆ ಮಂಗ್‌ರಾಯ್ ಕಟ್ಟಿಸಿದ ಚೌಕಾಕಾರದ ಹಳೇ ಪೇಟೆ, ಸುತ್ತ ಕಂದಕ, ಒಳಗೆ ಹೆಜ್ಜೆಗೊಂದು ವಾಟ್. ಅಮ್ಮನಿಗೆ ಹಿಡಿಸಿದ್ದು ಇದೇ. ಡೊಯ್ ಸುತೆಪ್ ಬೆಟ್ಟದ ದೇವಸ್ಥಾನಕ್ಕೆ 306 ಮೆಟ್ಟಿಲು, ಇಕ್ಕೆಲದಲ್ಲಿ ನಾಗರ ಮೈ. ಮಂಡಿನೋವಿನವರಿಗೆ ಮೇಲೆ ಹೋಗಲು ಕೇಬಲ್ ಗಾಡಿ ಇದೆ. ಸಂಜೆ ಭಿಕ್ಷುಗಳ ಪಠಣ ಕೇಳುತ್ತಾ ಅಮ್ಮ ಒಂದು ಗಂಟೆ ಕೂತರು, ನಾನು ಎಬ್ಬಿಸಲಿಲ್ಲ. ಆದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಅಲ್ಲಿಗೆ ಹೋಗಬೇಡಿ. ಹೊಲ, ಕಾಡಿಗೆ ಹಚ್ಚಿದ ಬೆಂಕಿಯ ಹೊಗೆ ಕಣಿವೆ ತುಂಬಿ ನಿಲ್ಲುತ್ತದೆ, ಉಬ್ಬಸ ಇದ್ದವರಿಗಂತೂ ಅಪಾಯ.

ಬ್ಯಾಂಕಾಕಿನಿಂದ ಚಿಯಾಂಗ್ ಮಾಯ್‌ಗೆ ಸುಮಾರು 700 ಕಿ.ಮೀ. ವಿಮಾನದಲ್ಲಿ ಒಂದೂಕಾಲು ಗಂಟೆ. ನಾವು ಹೋದದ್ದು ರಾತ್ರಿ ರೈಲಿನಲ್ಲಿ, ಹನ್ನೆರಡು ಹದಿಮೂರು ಗಂಟೆ. ಸಿಬ್ಬಂದಿಯೇ ಬಂದು ಸೀಟು ಮಡಚಿ ಹಾಸಿಗೆ ಹಾಸಿ, ಬಿಳಿ ಹೊದಿಕೆ ಕೊಟ್ಟು, ಪರದೆ ಎಳೆದು ಹೋದರು. ಕೆಳಗಿನ ಬರ್ತ್‌ಗೆ ದರ ಹೆಚ್ಚು, ಅಗಲವೂ ಹೆಚ್ಚು. ಒಂದು ರಾತ್ರಿಯ ಹೋಟೆಲ್ ಖರ್ಚು ಉಳಿಯಿತು, ಬೆಳಿಗ್ಗೆ ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಕಾಡು. ಈ ರೈಲು ಹೊರಡುವುದು ಹಳೆಯ ಹುವಾ ಲಂಪೊಂಗ್‌ನಿಂದಲ್ಲ. ದೂರದ ರೈಲುಗಳು 2023ರ ಜನವರಿಯಿಂದ ಕ್ರುಂಗ್ ಥೆಪ್ ಅಫಿವಟ್ ನಿಲ್ದಾಣಕ್ಕೆ ಹೋಗಿವೆ.

ಬ್ಯಾಂಕಾಕ್ ಬಗ್ಗೆ ಇಷ್ಟೇ: ಮೊದಲ ಸಲ ಸುಖುಂವಿಟ್‌ನಲ್ಲಿ ಉಳಿದು ಅರಮನೆಗೆ ಹೋಗಿಬರಲು ಟ್ರಾಫಿಕ್ಕಿನಲ್ಲಿ ಒದ್ದಾಡಿದೆವು. ಎರಡನೇ ಸಲ ಚೈನಾಟೌನಿನ ವಾಟ್ ಮಂಗ್‌ಕೊನ್ ಮೆಟ್ರೋ ಹತ್ತಿರ ಕೋಣೆ ಹಿಡಿದೆವು. ಅಲ್ಲಿಂದ ಸನಾಮ್ ಚಾಯ್ ನಿಲ್ದಾಣ ಎರಡೇ ಸ್ಟಾಪು, ಇಳಿದರೆ 46 ಮೀಟರ್ ಉದ್ದದ ಮಲಗಿದ ಬುದ್ಧನ ವಾಟ್ ಫೊ ಎದುರಿಗೇ. ಅರಮನೆಯ ಆವರಣದ ಮೊಗಸಾಲೆಯಲ್ಲಿ ರಾಮಕಿಯೆನ್, ಅಂದರೆ ಅವರ ರಾಮಾಯಣ, 178 ಚಿತ್ರಗಳಲ್ಲಿದೆ. ಅದಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಬಾಗಿಲ ಬಳಿ ಯಾರಾದರೂ "ಇವತ್ತು ಮುಚ್ಚಿದೆ" ಎಂದು ಬೇರೆ ಕಡೆ ಕರೆದರೆ ನಂಬಬೇಡಿ, ಟಿಕೆಟ್ ಕೌಂಟರಿಗೆ ನೇರ ನಡೆಯಿರಿ.

ಸಸ್ಯಾಹಾರಿಗಳಿಗೆ

ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಥಾಯ್ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ನಾಮ್ ಪ್ಲಾ, ಅಂದರೆ ಮೀನಿನ ರಸ, ಬೀಳುತ್ತದೆ. ಪಪ್ಪಾಯಿ ಕೋಸಂಬರಿಯಂತೆ ಕಾಣುವ ಸೋಮ್ ತಮ್‌ನಲ್ಲಿ ಒಣ ಸಿಗಡಿ ಇರುತ್ತದೆ. ನೀವು ಕಲಿಯಬೇಕಾದ ಶಬ್ದ "ಜೇ". ಜೇ ಊಟದಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲಷ್ಟೇ ಅಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಅಂಗಡಿಯ ಮುಂದೆ ಹಳದಿ ಬಾವುಟ, ಅದರ ಮೇಲೆ ಕೆಂಪಿನಲ್ಲಿ 17 ಎಂದು ಬರೆದಂತೆ ಕಾಣುವ ಅಕ್ಷರ. ಚಿಯಾಂಗ್ ಮಾಯ್‌ನ ಒಂದು ಜೇ ಅಂಗಡಿಯಾಕೆ ಇನ್ನೊಂದು ಶಬ್ದ ಹೇಳಿದರು: "ಮಂಗ್‌ಸವಿರತ್". ಅಮ್ಮ ಎರಡು ಸಲ ಅದನ್ನೇ ಬಾಯಲ್ಲಿ ತಿರುಗಿಸಿ, "ಮಾಂಸ ವಿರತಿ! ನಮ್ಮ ಶಬ್ದವೇ ಉಂಟಲ್ಲ" ಎಂದರು. ಆಮೇಲೆ ಹೋದಲ್ಲೆಲ್ಲ ಅವರೇ ಮಾತಾಡಿದರು.

ನಮ್ಮ ರಜೆಗಳಿಗೆ ಹೊಂದಿಸಿ ನೋಡಿದರೆ, ದಸರಾ ರಜೆ ಕಷ್ಟದ್ದು: ಪಶ್ಚಿಮದಲ್ಲಿ ಮಳೆ ಮುಗಿದಿಲ್ಲ, ಪೂರ್ವದಲ್ಲಿ ಶುರುವಾಗುವ ಹೊತ್ತು. ಆಗ ಕಡಲನ್ನು ಬಿಟ್ಟು ಬ್ಯಾಂಕಾಕ್, ಸುಖೋಥೈ, ಚಿಯಾಂಗ್ ಮಾಯ್ ಮಾಡಿ. ಹೆಚ್ಚಿನ ವರ್ಷ ನವರಾತ್ರಿಯ ಆಸುಪಾಸಿನಲ್ಲೇ ಜೇ ಹಬ್ಬವೂ ಬರುವುದರಿಂದ ಊಟದ ಚಿಂತೆ ಇರುವುದಿಲ್ಲ. ಕ್ರಿಸ್‌ಮಸ್ ರಜೆಗೆ ಕ್ರಾಬಿ. ಬೇಸಿಗೆ ರಜೆಗೆ ಸಮುಯಿ, ಜೊತೆಗೆ ಅಯುತ್ಥಯ. ಏಪ್ರಿಲ್ 13ರಿಂದ 15 ಅವರ ಹೊಸ ವರ್ಷ ಸೋಂಕ್ರಾನ್, ನಮ್ಮ ಬಿಸು ಹಬ್ಬದ ಹೊತ್ತಿಗೇ. ಆ ಮೂರು ದಿನ ಊರೆಲ್ಲ ನೀರೆರಚಾಟ, ಬಸ್ಸು ರೈಲು ಭರ್ತಿ. ಒಂಬತ್ತು ರಾತ್ರಿ ಇದ್ದರೆ ಬ್ಯಾಂಕಾಕ್, ಗುಡಿಗಳ ಊರು, ಕಡಲು ಮೂರೂ ಕಡೆ ಹೋಗಬಹುದು. ಆರೇ ರಾತ್ರಿ ಇದ್ದರೆ ಎರಡೇ ಕಡೆ ಹಾಸಿಗೆ ಹಾಕಿ, ಗುಡಿಗಳನ್ನು ಬ್ಯಾಂಕಾಕಿನಿಂದಲೇ ನೋಡಿ ಬನ್ನಿ. ಥಾಯ್ಲೆಂಡ್ ತಲುಪುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಆಗಮನ ಕಾರ್ಡನ್ನು ಸರ್ಕಾರಿ ಜಾಲತಾಣದಲ್ಲೇ ತುಂಬಿ, ಅದಕ್ಕೆ ದುಡ್ಡಿಲ್ಲ.

ಅಕ್ಕನ ಮನೆಯವರಿಗೆ ಮಕ್ಕಳ ರಜೆ ಏಪ್ರಿಲ್‌ನಲ್ಲಿ, ಅವರಿಗೆ ಬ್ಯಾಂಕಾಕ್ ಮೂರು ರಾತ್ರಿ, ಸಮುಯಿ ನಾಲ್ಕು ಎಂದು ಬರೆದುಕೊಟ್ಟಿದ್ದೇನೆ. ಅಮ್ಮ ಆ ಗುಂಪಿನಲ್ಲಿ ಹೋಗುವುದಿಲ್ಲವಂತೆ. ಅವರಿಗೆ ಜನವರಿಯೇ ಬೇಕು, ಚಿಯಾಂಗ್ ಮಾಯೇ ಬೇಕು. ಕೆಳಗಿನ ಬರ್ತ್ ಉಂಟಾ ನೋಡು ಎಂದು ನಿನ್ನೆ ಮತ್ತೆ ಫೋನ್ ಮಾಡಿದ್ದರು.