ಶೇಮಸ್ ಹೀನಿ ದನಿಯಲ್ಲಿ ಶೇಮಸ್ ಹೀನಿ: 15 ಸಿಡಿಯ ಪೆಟ್ಟಿಗೆ ಹೇಗಿದೆ?

ಕವಿಗಳು ತಮ್ಮ ಕವಿತೆಯನ್ನು ತಾವೇ ಓದುತ್ತಾರೆ ಅಂದರೆ ನನಗೆ ಸ್ವಲ್ಪ ದಿಗಿಲು. ಕೆಲವರು ಎಳೆದು ಎಳೆದು ನಾಟಕ ಮಾಡುತ್ತಾರೆ, ಇನ್ನು ಕೆಲವರು ಹಾಜರಿ ಕೂಗಿದ ಹಾಗೆ ಓದಿ ಮುಗಿಸುತ್ತಾರೆ. ಐರಿಷ್ ಕವಿ ಶೇಮಸ್ ಹೀನಿ ಎರಡೂ ಅಲ್ಲ. ತಗ್ಗಿದ ದನಿ, ಆತುರ ಇಲ್ಲ, ಉತ್ತರ ಐರ್ಲೆಂಡಿನ ಡೆರಿ ಕೌಂಟಿಯ ಹಳ್ಳಿ ಕಡೆಯ ಮಾತಿನ ಧಾಟಿ. ನೊಬೆಲ್ ಬಂದರೂ ಆ ಧಾಟಿ ಬಿಟ್ಟುಹೋಗಲಿಲ್ಲ.

ಅವರು ತಮ್ಮ ಕವಿತೆಗಳನ್ನು ತಾವೇ ಓದಿರುವ ಈ ಸಿಡಿ ಪೆಟ್ಟಿಗೆ ಬಂದಿದ್ದು 2009ರಲ್ಲಿ, ಅವರಿಗೆ 70 ತುಂಬಿದಾಗ. ಹೊರತಂದಿದ್ದು ಐರ್ಲೆಂಡಿನ ಪ್ರಸಾರ ಸಂಸ್ಥೆ ಆರ್‌ಟಿಇ. 1966ರ ಮೊದಲ ಸಂಕಲನದಿಂದ ಹಿಡಿದು 2006ರವರೆಗಿನ 11 ಸಂಕಲನಗಳು ಇದರಲ್ಲಿವೆ, ಅದೂ ಆಯ್ದ ಕವಿತೆಗಳಲ್ಲ, ಪೂರ್ತಿ. ಕೊನೆಯ ಸಂಕಲನ 'ಹ್ಯೂಮನ್ ಚೈನ್' ಮಾತ್ರ ಇಲ್ಲ, ಅದು ಬಂದಿದ್ದೇ 2010ರಲ್ಲಿ. ಈಗ ಸಿಡಿ ಪ್ಲೇಯರ್ ಯಾರ ಹತ್ತಿರ ಇದೆ ಅಂತೀರಾ? ಇದೇ ಓದು ಮೂರು ಭಾಗಗಳ ಆಡಿಯೋ ಬುಕ್ ಆಗಿಯೂ ಬಂದಿದೆ.

ನನಗೆ ಇದರಲ್ಲಿ ತುಂಬಾ ಹಿಡಿಸಿದ್ದು ಒಂದು ವಿಚಿತ್ರ. ಶುರುವಿನ ಕವಿತೆಗಳನ್ನು ಬರೆದವನು ಇಪ್ಪತ್ತರ ಹರೆಯದ ಹುಡುಗ, ಓದುತ್ತಿರುವವರು ಎಪ್ಪತ್ತರ ಹತ್ತಿರದ ಮುದುಕ. ಮೊದಲ ಸಂಕಲನದ 'ಡಿಗ್ಗಿಂಗ್' ಕೇಳಿ ನೋಡಿ. ಕಿಟಕಿಯ ಕೆಳಗೆ ಅಪ್ಪ ನೆಲ ಅಗೆಯುತ್ತಿದ್ದಾರೆ, ಮಗ ಒಳಗೆ ಪೆನ್ನು ಹಿಡಿದು ಕೂತಿದ್ದಾನೆ. ಪುಸ್ತಕದಲ್ಲಿ ಓದುವಾಗ ಅದು ನನಗೆ ಹುಡುಗನೊಬ್ಬನ ಹಟದ ಮಾತಿನ ಹಾಗೆ ಕೇಳುತ್ತಿತ್ತು. ಈ ದನಿಯಲ್ಲಿ ಹಟ ಇಲ್ಲ. ಆ ಅಪ್ಪನಿಗಿಂತ ಈಗ ಓದುತ್ತಿರುವ ಮಗನಿಗೇ ವಯಸ್ಸು ಜಾಸ್ತಿ ಆಗಿದೆ ಅನ್ನುವುದು ತಲೆಯಲ್ಲಿ ಓಡುತ್ತಲೇ ಇರುತ್ತದೆ.

ಇನ್ನು 'ಮಿಡ್-ಟರ್ಮ್ ಬ್ರೇಕ್'. 1953ರಲ್ಲಿ ಅವರ ಪುಟ್ಟ ತಮ್ಮ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಹೀನಿ ಡೆರಿಯ ಹಾಸ್ಟೆಲ್ ಶಾಲೆಯಲ್ಲಿದ್ದರು. ಹುಡುಗ ಮನೆಗೆ ಬಂದರೆ ಅಪ್ಪ ಅಳುತ್ತಿದ್ದಾರೆ, ತೊಟ್ಟಿಲುಗಾಡಿಯಲ್ಲಿ ಕೂಸು ನಗುತ್ತಿದೆ, ಹಿರಿಯರು ಎದ್ದು ನಿಂತು ಇವನ ಕೈ ಕುಲುಕುತ್ತಾರೆ, ಇವನಿಗೆ ನಾಚಿಕೆ. ಬೇರೆ ಯಾರಾದರೂ ಆಗಿದ್ದರೆ ಕೊನೆಯ ಸಾಲಿಗೆ ದನಿ ನಡುಗಿಸುತ್ತಿದ್ದರೇನೋ. ಇವರು ಒಂದಿಷ್ಟೂ ಬದಲಿಸುವುದಿಲ್ಲ. ಹಿಂದಿನ ಸಾಲು ಹೇಗೋ ಇದೂ ಹಾಗೆ. ಕೇಳುವವರಿಗೆ ಕಷ್ಟ ಆಗುವುದೇ ಅದರಿಂದ. ಆ ಸಾಲು ಏನು ಅಂತ ನಾನು ಹೇಳುವುದಿಲ್ಲ, ಕೇಳಿಯೇ ತಿಳಿಯಲಿ.

ಅಮ್ಮನ ನೆನಪಿನ 'ಕ್ಲಿಯರೆನ್ಸಸ್' ಸಾನೆಟ್‌ಗಳೂ (ಹದಿನಾಲ್ಕು ಸಾಲಿನ ಕವಿತೆಗಳು) ಅಷ್ಟೇ. ಉಳಿದವರೆಲ್ಲ ಚರ್ಚಿಗೆ ಹೋದಾಗ ಅಮ್ಮ ಮಗ ಇಬ್ಬರೇ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುವ ಸಾನೆಟ್ ಇದೆಯಲ್ಲ, ಅದನ್ನು 2015ರಲ್ಲಿ ಐರ್ಲೆಂಡಿನ ಜನ ಕಳೆದ ನೂರು ವರ್ಷದ ತಮ್ಮ ಮೆಚ್ಚಿನ ಕವಿತೆ ಅಂತ ಆರಿಸಿದರು. ಒಂದೊಂದೇ ಗಡ್ಡೆ ನೀರಿಗೆ ಬೀಳುವ ಸದ್ದು ಸಾಲುಗಳ ನಡುವಿನ ಬಿಡುವಿನಲ್ಲೇ ಇದೆ. ಪುಸ್ತಕದಲ್ಲಿ ಆ ಬಿಡುವನ್ನು ಕಣ್ಣು ಹಾರಿಸಿಬಿಡುತ್ತದೆ.

ಅಂದ ಹಾಗೆ, ಜನ ಇವರನ್ನು ಎಷ್ಟು ಹಚ್ಚಿಕೊಂಡಿದ್ದರು ಅಂದರೆ, 2013ರ ಆಗಸ್ಟ್ 30ರಂದು ಹೀನಿ ತೀರಿಕೊಂಡರು, ಎರಡು ದಿನ ಬಿಟ್ಟು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಐರ್ಲೆಂಡಿನದೇ ಆಟವಾದ ಗೇಲಿಕ್ ಫುಟ್‌ಬಾಲ್ ಸೆಮಿಫೈನಲ್ ನೋಡಲು ಬಂದಿದ್ದ 80 ಸಾವಿರಕ್ಕೂ ಜಾಸ್ತಿ ಜನ ಅವರಿಗಾಗಿ ಚಪ್ಪಾಳೆ ತಟ್ಟಿದರು. ಕವಿಗೆ, ಫುಟ್‌ಬಾಲ್ ಮೈದಾನದಲ್ಲಿ!

ತಕರಾರುಗಳೂ ಇವೆ. 'ನಾರ್ತ್' ಸಂಕಲನ ಬರೀ ಕಿವಿಗೆ ದಕ್ಕುವುದಿಲ್ಲ. ಡೆನ್ಮಾರ್ಕಿನ ಜೌಗು ನೆಲದಲ್ಲಿ ಸಿಕ್ಕ ಎರಡು ಸಾವಿರ ವರ್ಷದ ಹೆಣಗಳು, ಅದರ ಪಕ್ಕದಲ್ಲೇ 1970ರ ದಶಕದ ಉತ್ತರ ಐರ್ಲೆಂಡಿನ ಗಲಭೆಯ ಕೊಲೆಗಳು. ಪುಸ್ತಕ ಕೈಯಲ್ಲಿಲ್ಲದಿದ್ದರೆ ಎಳೆ ತಪ್ಪುತ್ತದೆ. ಅವರೂರ ಸುತ್ತಲಿನ ಅನಹೋರಿಷ್ ಥರದ ಜಾಗಗಳ ಕವಿತೆಗಳದು ಇದಕ್ಕೆ ತದ್ವಿರುದ್ಧ, ಅವನ್ನು ಕೇಳಲೇಬೇಕು. ಇಂಥ ಒಂದು ಹೆಸರಿನ ಕೊನೆಯ ಸದ್ದು ಹೊರಗಿನವರ ನಾಲಿಗೆಗೆ ಹತ್ತುವುದಿಲ್ಲ ಅಂತ ಅವರೇ ಬರೆದಿದ್ದಾರೆ, ನನ್ನ ನಾಲಿಗೆಗಂತೂ ಹತ್ತಲಿಲ್ಲ.

ಇನ್ನೊಂದು ಕೊರತೆ: ವೇದಿಕೆಯ ಮೇಲೆ ಓದುವಾಗ ಹೀನಿ ಕವಿತೆಗೆ ಮೊದಲು ನಾಲ್ಕು ಮಾತು ಹೇಳಿ ನಗಿಸುತ್ತಿದ್ದರು. ಇಲ್ಲಿ ಸ್ಟುಡಿಯೋ, ಕವಿತೆಯ ಹಿಂದೆ ಕವಿತೆ. ಒಂದೇ ಸಮ ಕೇಳಿದರೆ ಮನಸ್ಸು ಎಲ್ಲೋ ಹೋಗುತ್ತದೆ. ದಿನಕ್ಕೆ ಐದಾರು ಸಾಕು. ಸುಮ್ನೆ ಹಿನ್ನೆಲೆಯಲ್ಲಿ ಹಾಕಿಕೊಂಡು ಬೇರೆ ಕೆಲಸ ಮಾಡುತ್ತೇನೆ ಅನ್ನುವವರು ಇದರ ಗೊಡವೆಗೆ ಬರಬೇಡಿ.

ಇಡೀ ಪೆಟ್ಟಿಗೆ ಭಾರ ಅನ್ನಿಸಿದರೆ 2003ರ 'ದ ಪೊಯೆಟ್ ಅಂಡ್ ದ ಪೈಪರ್' ಇದೆ, ಹೀನಿ ಓದು, ಲಿಯಾಮ್ ಓ'ಫ್ಲಿನ್ ಐರಿಷ್ ಪೈಪ್. ಹೊಸಬರಿಗೆ ಅದೇ ಸಲೀಸು. ಆದರೆ ಅಲ್ಲಿ ಸಂಗೀತ ಇದೆ ಅಂತಲೇ ಕವಿತೆ ಮೇಲೆ ಗಮನ ಸ್ವಲ್ಪ ಕಡಿಮೆ ಆಗುತ್ತದೆ, ಹಾಗಾಗಿ ನನ್ನ ಓಟು ಪೆಟ್ಟಿಗೆಗೇ. ಮೊದಲ ಸಿಡಿಯಿಂದ ಶುರು ಮಾಡಿ, 'ನಾರ್ತ್' ಬಂದಾಗ ಪುಸ್ತಕ ತೆಗೆದಿಟ್ಟುಕೊಳ್ಳಿ.