ಹಾಸನದ ಮಳೆಯಲ್ಲಿ ಕಾಗದದ ರಾಕೆಟ್: ಕೆಲವು ವರ್ಷ ಇಟ್ಟುಕೊಂಡ ಮೇಲಿನ ವಿಮರ್ಶೆ

ಪ್ರಿಂಟ್ ಹಾಕಿಸಿ, ಕತ್ತರಿಸಿ, ಅಂಟಿಸಿ ಮಾಡುವ ಪೇಪರ್ ಮಾಡೆಲ್ ಕಿಟ್‌ಗಳ ಬಗ್ಗೆ ನಾನು ಓದಿದ ವಿಮರ್ಶೆಗಳೆಲ್ಲ ಮಾಡೆಲ್ ಮುಗಿದ ದಿನವೇ ಬರೆದವು. ಅವತ್ತು ಎಲ್ಲವೂ ಚೆನ್ನಾಗೇ ಕಾಣುತ್ತದೆ. ನಮ್ಮ ಕಡೆಗೆ ಅಷ್ಟು ಸಾಲದು. ಪುನರ್ವಸು, ಪುಷ್ಯ ಮಳೆ ಹಿಡಿದು ಬಿಸಿಲೇ ಕಾಣದಿರುವಾಗ, ಒಗೆದ ಬಟ್ಟೆಯೇ ಒಣಗದಿರುವಾಗ, ಶೋಕೇಸಿನೊಳಗಿನ ಕಾಗದ ಏನಾಗುತ್ತದೆ? ಅದನ್ನು ಯಾರೂ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಹಲವು ಮಳೆಗಾಲ ಕಂಡ ರಾಕೆಟ್ಟು, ಟ್ಯಾಂಕುಗಳಿವೆ. ಅವುಗಳ ಈಗಿನ ಸ್ಥಿತಿ ನೋಡಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಹಾಸನದಲ್ಲಿ ರಾಕೆಟ್ ಉಳಿಯುತ್ತದೆ, ಟ್ಯಾಂಕ್ ಉಳಿಯುವುದು ಕಷ್ಟ.

ಟ್ಯಾಂಕಿನ ಕಥೆ ಕೇಳಿ. ರಷ್ಯಾದ ಟಿ-34, 1:25 ಅಳತೆಯದು, ಅಂದರೆ ನಿಜವಾದದ್ದರ ಇಪ್ಪತ್ತೈದನೇ ಒಂದು ಪಾಲು. ಈ ಟ್ಯಾಂಕಿನ ಹೆಸರೆಲ್ಲ ಅದರ ಇಳಿಜಾರು ಉಕ್ಕಿನ ತಗಡಿನಿಂದ ಬಂದದ್ದು. ಮುಂದಿನ ತಗಡು 45 ಮಿಲಿಮೀಟರ್ ಅಷ್ಟೇ. ಓರೆಯಾಗಿ ಕೂರಿಸಿದ್ದರಿಂದ ಗುಂಡಿಗೆ ಅದಕ್ಕಿಂತ ದಪ್ಪವಾಗಿ ಸಿಗುತ್ತಿತ್ತು. ಕಾಗದದಲ್ಲಿ ಮಾಡುವವನಿಗೆ ಇದು ಖುಷಿಯ ವಿಷಯ, ಎಲ್ಲ ಚಪ್ಪಟೆ ತುಂಡುಗಳು, ಬೇಗ ಮುಗಿಯುತ್ತವೆ. ಆದರೆ ಚಪ್ಪಟೆ ತುಂಡನ್ನು ರಟ್ಟಿಗೆ ಅಂಟಿಸಿದರೆ ಒಂದು ಮೈ ತೇವ ಎಳೆಯುತ್ತದೆ, ಇನ್ನೊಂದು ಎಳೆಯುವುದಿಲ್ಲ. ಮೊದಲ ಮಳೆಗಾಲ ಮುಗಿಯುವ ಹೊತ್ತಿಗೆ ಟ್ಯಾಂಕಿನ ನೆತ್ತಿ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಚಕ್ರಗಳು ಮಾತ್ರ ಇವತ್ತಿಗೂ ಗಟ್ಟಿ. ಅವು ಪದರದ ಮೇಲೆ ಪದರ ಅಂಟಿಸಿದ ಸಣ್ಣ ಬಿಲ್ಲೆಗಳು, ಬಾಗಲು ಜಾಗವೇ ಇಲ್ಲ.

ಅದೇ ಕಾಗದ, ಅದೇ ಶೋಕೇಸು, ಪಕ್ಕದಲ್ಲೇ ಇದ್ದ, ಎರಡನೇ ಮಹಾಯುದ್ಧದ ಜರ್ಮನಿಯ ವಿ-2 ರಾಕೆಟ್ಟಿಗೆ ಏನೂ ಆಗಿಲ್ಲ. ಸುರುಳಿ ಸುತ್ತಿದ ಕಾಗದ ತನ್ನಷ್ಟಕ್ಕೇ ಬಿಗಿಯಾಗಿ ನಿಲ್ಲುತ್ತದೆ. ತೇವ ಎಳೆದರೂ ಸುತ್ತಲೂ ಒಂದೇ ಸಮ ಹಿಗ್ಗುತ್ತದೆ, ಒಣಗಿದಾಗ ವಾಪಸ್ ಬರುತ್ತದೆ.

ಮಾಡುವಾಗಿನ ಕಷ್ಟ ಇದಕ್ಕೆ ಉಲ್ಟಾ. 1942ರ ಅಕ್ಟೋಬರ್ 3ರಂದು ಮೊದಲ ಸಲ ಸರಿಯಾಗಿ ಹಾರಿದ ವಿ-2 ನಿಜದಲ್ಲಿ 14 ಮೀಟರ್ ಎತ್ತರ. 1:48 ಅಳತೆಯಲ್ಲಿ ಒಂದಡಿಯೂ ಇಲ್ಲ. ನೋಡಿದರೆ ಏನು ಮಹಾ ಅನಿಸುತ್ತದೆ. ಆದರೆ ಅದರ ಮೈ ಎಲ್ಲೂ ನೇರ ಇಲ್ಲ. ಮೇಲೂ ಚೂಪು, ಕೆಳಗೂ ಸಣ್ಣ, ನಡುವೆ ಉಬ್ಬು. ಕಾಗದ ಒಂದು ಸಲಕ್ಕೆ ಒಂದೇ ದಿಕ್ಕಿಗೆ ಬಾಗುತ್ತದೆ. ಹಾಗಾಗಿ ಆ ಉಬ್ಬನ್ನು ಸಣ್ಣ ಸಣ್ಣ ಶಂಕುಗಳಾಗಿ ಕತ್ತರಿಸಿ ಒಂದರ ಮೇಲೊಂದು ಕೂರಿಸಬೇಕು. ಪರೀಕ್ಷೆಯ ರಾಕೆಟ್ಟಿಗೆ ಬಳಿಯುತ್ತಿದ್ದ ಕಪ್ಪು ಬಿಳಿ ಚೌಕ ಬೇರೆ. ರಾಕೆಟ್ ಹಾರುವಾಗ ತನ್ನ ಸುತ್ತ ಎಷ್ಟು ತಿರುಗುತ್ತಿದೆ ಅಂತ ಕೆಳಗಿನಿಂದ ಗೊತ್ತಾಗಲಿ ಎಂದು ಬಳಿದದ್ದು. ಅಂಟಿಸುವಾಗ ಕೂದಲೆಳೆ ಜರುಗಿದರೂ ಆ ಚೌಕ ಚಾಡಿ ಹೇಳುತ್ತದೆ.

ಚಂದ್ರನಲ್ಲಿಗೆ ಮನುಷ್ಯರನ್ನು ಕಳಿಸಿದ ಅಮೆರಿಕದ ಸ್ಯಾಟರ್ನ್ 5 ಅಷ್ಟು ದೊಡ್ಡದಾದರೂ ಸಲೀಸು. ಮುಕ್ಕಾಲು ಪಾಲು ನೇರ ನಳಿಕೆ, ಉಳಿದದ್ದು ಶಂಕು. 110 ಮೀಟರ್ ದಾಟಿದ ರಾಕೆಟ್ 1:96 ಅಳತೆಯಲ್ಲಿ 115 ಸೆಂಟಿಮೀಟರ್ ಬರುತ್ತದೆ. ಯಾವ ಶೋಕೇಸಿಗೂ ಹಿಡಿಸದೆ ನಮ್ಮಲ್ಲಿ ಫ್ರಿಜ್ ಪಕ್ಕ ನಿಂತಿದೆ. ತುದಿಯಲ್ಲಿರುವ, ಗಗನಯಾತ್ರಿಗಳನ್ನು ಅಪಾಯದಿಂದ ಪಾರುಮಾಡುವ ಗೋಪುರಕ್ಕೆ ಕಾಗದ ಸುತ್ತಿ ಸಾಕಾಗಿ ಕೊನೆಗೆ ಊದುಬತ್ತಿ ಕಡ್ಡಿ ಹಾಕಿದೆ. ಕಿಟ್‌ನವರು ಒಪ್ಪಲಿಕ್ಕಿಲ್ಲ. ನನಗೆ ಪರವಾಗಿಲ್ಲ.

ಇನ್ನು ಪ್ರಿಂಟಿನ ವಿಷಯ. ಕಿಟ್ ಎಷ್ಟೇ ಚೆನ್ನಾಗಿರಲಿ, ಕೆಡುವುದು ಇಲ್ಲಿ. ಅಮೆರಿಕದ ಕಿಟ್‌ಗಳ ಹಾಳೆ ಲೆಟರ್ ಅಳತೆಯದು, 216 × 279 ಮಿಲಿಮೀಟರ್. ನಮ್ಮ ಎ4 ಹಾಳೆ 210 × 297. ಬಿ.ಎಂ. ರಸ್ತೆಯ ಒಂದು ಅಂಗಡಿಯಲ್ಲಿ ಕೆಲವು ಪುಟ ಪೂರ್ತಿ ಅಳತೆಯಲ್ಲಿ, ಕೆಲವು ಪುಟ ಹಾಳೆಗೆ ಹೊಂದುವಂತೆ ಕುಗ್ಗಿಸಿ ತೆಗೆದುಕೊಟ್ಟರು. ಕುಗ್ಗಿದ್ದು ನೂರಕ್ಕೆ ಮೂರರಷ್ಟು ಮಾತ್ರ. ಆದರೆ ಸ್ಯಾಟರ್ನ್‌ನ ಕೆಳಗಿನ ಹಂತದಲ್ಲಿ ಅದು ಮೂರು ಮಿಲಿಮೀಟರ್ ವ್ಯತ್ಯಾಸ. ಒಂದು ನಳಿಕೆ ಇನ್ನೊಂದರ ಮೇಲೆ ಕೂರಲೇ ಇಲ್ಲ. "ಅಣ್ಣಾ, ಎಲ್ಲಾ ಪುಟನೂ ನೂರು ಪರ್ಸೆಂಟಲ್ಲೇ ತೆಗಿ" ಅಂತ ಹೇಳಿ, ಪಕ್ಕದಲ್ಲೇ ನಿಂತು ನೋಡಿ. ಲೇಸರ್ ಪ್ರಿಂಟ್ ಆದರೆ ತೇವಕ್ಕೆ ಬಣ್ಣ ಹರಡುವುದಿಲ್ಲ. ಮಡಿಸಿದ ಅಂಚಿನಲ್ಲಿ ಬಣ್ಣ ಬಿರಿದು ಬಿಳಿ ಗೆರೆ ಕಾಣುತ್ತದೆ, ಅದಕ್ಕೆ ಸ್ಕೆಚ್ ಪೆನ್ನು ಎಳೆದರೆ ಆಯಿತು. ಮನೆಯ ಇಂಕ್‌ಜೆಟ್ಟಿನಲ್ಲಿ ತೆಗೆದದ್ದು ಕಿಟಕಿಯ ಬಿಸಿಲಿಗೆ ಮಂಕಾಗಿದೆ.

ಕಾಗದ, ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ, 160ರಿಂದ 180 ಜಿಎಸ್‌ಎಂ ಸಾಕು. ಅದಕ್ಕಿಂತ ದಪ್ಪದ್ದು ಸುರುಳಿ ಸುತ್ತುವಾಗ ಮುರಿದ ಗೆರೆ ಬರುತ್ತದೆ. ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಎರಡೂ ಕಡೆ ಮೆಲ್ಲಗೆ ಬಾಗಿಸಿ ನೋಡಿ, ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಕಡೆಗೇ ನಳಿಕೆ ಸುತ್ತಬೇಕು. ದೊಡ್ಡ ಶೀಟಿನಿಂದ ಅಂಗಡಿಯವರು ಕತ್ತರಿಸಿ ಕೊಡುವ ಹಾಳೆಯಲ್ಲಿ ಈ ದಿಕ್ಕು ಅಡ್ಡ ಇರುವುದೂ ಉಂಟು. ಸುಮ್ನೆ ಕೊಂಡು ತರಬೇಡಿ.

ಅಂಟಿನ ಬಗ್ಗೆ ಒಂದೇ ಮಾತು: ಮರಗೆಲಸದ ಬಿಳಿ ಗೋಂದು ಸಣ್ಣ ಅಂಚುಗಳಿಗೆ ಮಾತ್ರ. ಅದರಲ್ಲಿ ನೀರಿದೆ. ಅಗಲವಾದ ಜಾಗಕ್ಕೆ ಬಳಿದರೆ ಕಾಗದ ಸುಕ್ಕಾಗುತ್ತದೆ, ಅಲ್ಲಿಗೆ ರಬ್ಬರಿನ ಅಂಟೇ ಸರಿ. ಮನೆಯಲ್ಲಿ ಕಾಯಿಸಿದ ಮೈದಾ ಅಂಟು ಬೇಡವೇ ಬೇಡ, ಜಿರಳೆಗೆ ಊಟ ಹಾಕಿದ ಹಾಗೆ.

ಶೋಕೇಸಿಗೆ ನಮ್ಮ ಮಾವ ಹೇಳಿಕೊಟ್ಟ ಉಪಾಯ ಒಳಗೆ ಹಳೆಯ ಝೀರೋ ಬಲ್ಬ್ ಉರಿಸುವುದು. ಆ ಸಣ್ಣ ಬಿಸಿಗೆ ಥಂಡಿ ಸೇರುತ್ತಿರಲಿಲ್ಲ. ಈಗಿನ ಎಲ್‌ಇಡಿ ಬಲ್ಬಿನಲ್ಲಿ ಬಿಸಿಯೇ ಇಲ್ಲ, ಅದರಿಂದ ಪ್ರಯೋಜನವಿಲ್ಲ. ಹಳೆ ಬಲ್ಬನ್ನು ಕಾಗದದ ಹತ್ತಿರ ಇಡುವುದಕ್ಕೂ ಧೈರ್ಯ ಸಾಲದು. ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಬೇಸಿಗೆಯಲ್ಲಿ ಬದಲಾಯಿಸುತ್ತೇನೆ.

ನನ್ನ ದೊಡ್ಡ ತಕರಾರು ಬೇರೆ. ಕಿಟ್‌ಗಳಲ್ಲಿ ಅಮೆರಿಕ, ರಷ್ಯಾ, ಜರ್ಮನಿಯದೇ ರಾಜ್ಯಭಾರ. ನಾವು ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರ ಎಂಸಿಎಫ್ ಇರುವ ಊರಿನವರು. ಸಾಲಗಾಮೆ ರಸ್ತೆಯ ಆ ದೊಡ್ಡ ಡಿಶ್ಶುಗಳು 1982ರಿಂದ ಇನ್ಸಾಟ್ ಉಪಗ್ರಹಗಳ ಜೊತೆ ಮಾತಾಡುತ್ತಿವೆ. 1983ರ ಆಗಸ್ಟ್ 30ರಂದು ಚಾಲೆಂಜರ್ ಶಟಲ್ ಹೊತ್ತೊಯ್ದ ಇನ್ಸಾಟ್-1ಬಿ ಕೂಡ ಇಲ್ಲಿಂದಲೇ ನಡೆದದ್ದು. ಶಟಲ್ ಕಿಟ್ ಸಿಕ್ಕಿತು. ಒಳಗಿನ ಇನ್ಸಾಟ್ ಮಾತ್ರ ನಾನೇ ಮಾಡಿ ಇಟ್ಟೆ.

ಹಾಗಾಗಿ ನಮ್ಮ ರಾಕೆಟ್‌ಗಳನ್ನು ಸ್ವಂತ ಲೆಕ್ಕ ಹಾಕಿ ಮಾಡುತ್ತಿದ್ದೇನೆ, ಅದೇ ಹೆಚ್ಚು ಮಜಾ. 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಎಸ್‌ಎಲ್‌ವಿ-3 ಎತ್ತರ 22 ಮೀಟರ್, ಕೆಳಗಿನ ಹಂತದ ಅಡ್ಡಳತೆ ಒಂದು ಮೀಟರ್. 1:100 ಅಳತೆಗೆ 22 ಸೆಂಟಿಮೀಟರ್ ಎತ್ತರ, ಒಂದು ಸೆಂಟಿಮೀಟರ್ ದಪ್ಪ. ಸುತ್ತಳತೆಗೆ 3.14 ಸೆಂಟಿಮೀಟರ್ ಅಗಲದ ಪಟ್ಟಿ, ಅಂಟಿಗೆ ಸ್ವಲ್ಪ ಹೆಚ್ಚು. ಪಿಎಸ್‌ಎಲ್‌ವಿ ಪಕ್ಕಗಳಲ್ಲಿ ಕಟ್ಟುವ ಆರು ಮೋಟರ್‌ಗಳೂ ಇದೇ ದಪ್ಪದವು, ಯಾಕೆಂದರೆ ಅವು ಹುಟ್ಟಿದ್ದೇ ಎಸ್‌ಎಲ್‌ವಿ-3ರ ಆ ಹಂತದಿಂದ. ಒಮ್ಮೆ ಪಟ್ಟಿ ಎಳೆದಿಟ್ಟರೆ ಎರಡಕ್ಕೂ ಆಯಿತು. ಶುರು ಮಾಡುವವರಿಗೆ ನಾನು ಹೇಳುವುದು ಎಸ್‌ಎಲ್‌ವಿ-3. ಟ್ಯಾಂಕ್ ಮಾಡಲೇಬೇಕು ಅನ್ನುವವರು ಒಳಗೆ ಉದ್ದಕ್ಕೂ ಅಡ್ಡಕ್ಕೂ ಬೈಂಡಿಂಗ್ ರಟ್ಟಿನ ಚೌಕಟ್ಟು ಒತ್ತೊತ್ತಾಗಿ ಕೂರಿಸಿ, ಫೆಬ್ರವರಿಯಲ್ಲಿ ಮಾಡಿ.

ಮಕ್ಕಳಿಗಾದರೆ ಟಿಪ್ಪು ಕಾಲದ ಮೈಸೂರು ರಾಕೆಟ್. ಹೊಸನಗರ ತಾಲ್ಲೂಕಿನ ನಗರದಲ್ಲಿ 2018ರಲ್ಲಿ ಪಾಳು ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ಸಿಕ್ಕವಲ್ಲ, ಅವು. ಕಬ್ಬಿಣದ ಕೊಳವೆ ಒಂದು ಗೇಣಿನಷ್ಟು, ಅಷ್ಟೇ. ನಿಜವಾದ ಗಾತ್ರದಲ್ಲೇ ಮಾಡಬಹುದು. ಕಾಗದದ ಕೊಳವೆ, ಒಂದು ಬಿದಿರು ಕಡ್ಡಿ, ಕಟ್ಟಲು ದಾರ. ತುಕ್ಕಿನ ಬಣ್ಣಕ್ಕೆ ಕಾಫಿ ಡಿಕಾಕ್ಷನ್ ಬಳಿದರೆ ಚೆನ್ನಾಗಿ ಬರುತ್ತದೆ. ಆದರೆ ಬಿಸಿಲಿರುವ ದಿನ ಬಳಿಯಿರಿ, ಮಳೆಗಾಲದಲ್ಲಿ ಬಳಿದರೆ ಬೂಷ್ಟು ಹಿಡಿಯುತ್ತದೆ.