7ಎಂಎಂ-08 ರೆಮಿಂಗ್ಟನ್: ಭುಜ ನೋಯಿಸದ ಜಿಂಕೆ ತೋಟಾ, ಹಲವು ಸೀಸನ್ ಬಳಸಿದ ಮೇಲೆ

ಮೊದಲು ಅಂಕ ಹೇಳಿಬಿಡುತ್ತೇನೆ. ಐದಕ್ಕೆ ನಾಲ್ಕೂವರೆ. ತೋಟಾದ ಕೆಲಸದಲ್ಲಿ ಕೊರತೆ ಇಲ್ಲ. ಬೇಕಾದಾಗ ಅಂಗಡಿಯಲ್ಲಿ ಸಿಗೋದಿಲ್ಲ ಅಂತ ಆ ಅರ್ಧ ಅಂಕ ಕಡಿದಿದ್ದೇನೆ.

ನಾವಿರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್‌ನಿಂದ ಪಶ್ಚಿಮಕ್ಕೆ ಗುಡ್ಡಗಾಡಿನ ಕಡೆ. ಇಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಒಂಬತ್ತು ದಿನದ ಬಂದೂಕು ಸೀಸನ್ ಶುರುವಾಗುತ್ತದೆ. ಆಗ ಇಡೀ ರಾಜ್ಯವೇ ಜಾತ್ರೆಗೆ ಹೊರಟ ಹಾಗೆ. ಪೆಟ್ರೋಲ್ ಬಂಕು, ಹೋಟೆಲು, ಎಲ್ಲಿ ನೋಡಿದರೂ ಕಿತ್ತಳೆ ಬಣ್ಣದ ಜಾಕೆಟ್ಟು. ನಾನು ಮಲೆನಾಡಿನವನು. ಮನೆಯಲ್ಲಿ ಅಜ್ಜನ ಕಾಲದ ತೋಟೆ ಕೋವಿ ಇತ್ತು, ಅದರ ಒದೆತ ಹೇಗಿರುತ್ತೆ ಅಂತ ಚೆನ್ನಾಗಿ ಗೊತ್ತು. ಹೆಂಡತಿ ಮೈಸೂರಿನವಳು. ಕೋವಿ ಮುಟ್ಟಿದ್ದೇ ಇಲ್ಲಿಗೆ ಬಂದ ಮೇಲೆ. ಇಬ್ಬರಿಗೂ ಒಂದೇ ರೈಫಲ್ ಆಗಬೇಕಿತ್ತು. ಅವಳ ಭುಜಕ್ಕೂ ಸರಿಹೋಗಬೇಕು, ಗುಡ್ಡ ಹತ್ತುವಾಗ ಹೊರೆಯೂ ಆಗಬಾರದು, ಜಿಂಕೆಯನ್ನು ನರಳಿಸದೆ ಕೆಡವಬೇಕು.

ಊರಿನವರು ಇದನ್ನೋದಿ ಗಾಬರಿಯಾಗೋದು ಬೇಡ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ, ಅದು ಹಾಗೇ ಇರಬೇಕು. ಇಲ್ಲಿ ಜಿಂಕೆಗಳ ಸಂಖ್ಯೆ ಹಿಡಿತದಲ್ಲಿರಲಿ ಅಂತ ಸರ್ಕಾರವೇ ಲೈಸೆನ್ಸು, ಟ್ಯಾಗು ಕೊಟ್ಟು ಬೇಟೆಗೆ ಕಳಿಸುತ್ತದೆ.

ಈ ತೋಟಾದ ವಂಶ ಸ್ವಲ್ಪ ಹೇಳಬೇಕು. ಇದಕ್ಕೆ ಮೂಲವಾದ .308 ವಿಂಚೆಸ್ಟರ್ ತೋಟಾ ಬಂದದ್ದು 1952ರಲ್ಲಿ. ಅದೇ ಕೇಸಿನ (ಮದ್ದು ತುಂಬುವ ಹಿತ್ತಾಳೆ ಕೊಳವೆಯ) ಕತ್ತು ಕಿರಿದು ಮಾಡಿ 6 ಮಿ.ಮೀ. ಗುಂಡು ಕೂರಿಸಿದರೆ .243 ವಿಂಚೆಸ್ಟರ್, ಅದು 1955ರದು. 7 ಮಿ.ಮೀ. ಗುಂಡು ಕೂರಿಸಿದ್ದನ್ನು ಮನೆಯಲ್ಲೇ ತೋಟಾ ತುಂಬಿಕೊಳ್ಳುವ ಹವ್ಯಾಸಿಗಳು ಬಹಳ ಮೊದಲೇ ಬಳಸುತ್ತಿದ್ದರು. 1980ರಲ್ಲಿ ರೆಮಿಂಗ್ಟನ್ ಅದನ್ನು ತನ್ನ ಹೆಸರಲ್ಲಿ ಮಾರುಕಟ್ಟೆಗೆ ತಂದಿತು. ಕೆಲಸದಲ್ಲಿ 1892ರ ಹಳೇ 7x57 ಮೌಸರ್‌ಗೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಆದರೆ ಇದರ ಕೇಸು ಗಿಡ್ಡ. ಹಾಗಾಗಿ ಶಾರ್ಟ್ ಆಕ್ಷನ್ ರೈಫಲ್ (ತೋಟಾ ಒಳತಳ್ಳುವ ಯಂತ್ರಭಾಗ ಗಿಡ್ಡ ಇರುವಂಥದ್ದು) ಸಾಕು. ಅಂಥ ರೈಫಲ್ ಉದ್ದದಲ್ಲೂ ಕಡಿಮೆ, ತೂಕದಲ್ಲೂ ಕಡಿಮೆ.

ಈಗ ಒದೆತದ ವಿಷಯ. ಎಲ್ಲರೂ ಎಡವೋದು ಇಲ್ಲೇ. ಒದೆತದ ಶಕ್ತಿಯನ್ನು ಅಡಿ-ಪೌಂಡ್‌ಗಳಲ್ಲಿ ಲೆಕ್ಕ ಹಾಕುತ್ತಾರೆ. ಗುಂಡಿನ ತೂಕ, ಅದರ ವೇಗ, ಒಳಗಿನ ಮದ್ದಿನ ತೂಕ, ಜೊತೆಗೆ ರೈಫಲ್‌ನ ತೂಕ, ಈ ನಾಲ್ಕು ಗೊತ್ತಿದ್ದರೆ ಆಯಿತು. ಸುಮಾರು ಎಂಟು ಪೌಂಡ್ ರೈಫಲ್‌ನಲ್ಲಿ 140 ಗ್ರೇನ್ (ಸುಮಾರು 9 ಗ್ರಾಂ) ಗುಂಡಿನ 7ಎಂಎಂ-08 ಕೊಡುವ ಒದೆತ 12ರಿಂದ 13. ಅದೇ ತೂಕದ ರೈಫಲ್‌ನಲ್ಲಿ 180 ಗ್ರೇನ್‌ನ 30-06 ಅನ್ನುವ ದೊಡ್ಡ ತೋಟಾ ಹಾಕಿದರೆ 20ರ ಆಸುಪಾಸು. .243 ಆದರೆ ಒಂಬತ್ತರ ಹತ್ತಿರ. ಹದಿನೈದು ದಾಟಿದ ಮೇಲೆ ಹೊಸಬರಿಗೆ ಅಂಜಿಕೆ ಶುರುವಾಗುತ್ತದೆ. ಇದು ಯಾರ ಧೈರ್ಯದ ಪ್ರಶ್ನೆಯೂ ಅಲ್ಲ, ಮೈ ತಾನಾಗಿ ಹಿಂಜರಿಯುತ್ತದೆ.

ಈ ಲೆಕ್ಕದಲ್ಲಿ ಅಂಗಡಿಯವರು ಸಾಮಾನ್ಯವಾಗಿ ಬಾಯಿಬಿಡದ ಒಂದು ಮಾತಿದೆ. ಅದೇ ತೋಟಾ ಇಟ್ಟುಕೊಂಡು ರೈಫಲ್ ತೂಕ ಇಳಿಸಿದಷ್ಟೂ ಒದೆತ ಏರುತ್ತದೆ. ಎಂಟು ಪೌಂಡ್‌ನಲ್ಲಿ ಹನ್ನೆರಡೂವರೆ ಇದ್ದದ್ದು ಆರು ಪೌಂಡ್ ರೈಫಲ್‌ನಲ್ಲಿ ಹದಿನಾರು ದಾಟುತ್ತದೆ. ಅಂದರೆ ದುಡ್ಡು ಸುರಿದು ಗರಿಯಂಥ ರೈಫಲ್ ತಗೊಂಡು, ಅದಕ್ಕೆ ಸಾಧು ತೋಟಾ ಹಾಕಿದರೆ, ಭಾರದ ರೈಫಲ್‌ನಲ್ಲಿ .308 ಹೊಡೆದಷ್ಟೇ ಪೆಟ್ಟು. ಹಗುರ ರೈಫಲ್ ಬೇಕು, ಒದೆತವೂ ಬೇಡ ಅನ್ನುವವರು ತೋಟಾದಲ್ಲಿ ಇನ್ನೊಂದು ಮೆಟ್ಟಿಲು ಕೆಳಗಿಳಿಯಬೇಕು. ಇಲ್ಲವೇ ಅರ್ಧ ಕೆಜಿ ಜಾಸ್ತಿ ಹೊರಲು ಒಪ್ಪಬೇಕು. ನಾವು ಎರಡನೆಯದಕ್ಕೆ ಒಪ್ಪಿದೆವು. ನಮ್ಮದು ಸ್ಕೋಪು (ಗುರಿ ಹಿಡಿಯುವ ದುರ್ಬೀನು), ಬೆಲ್ಟು ಎಲ್ಲ ಸೇರಿ ಏಳೂವರೆ ಪೌಂಡ್, ಸುಮಾರು 3.4 ಕೆಜಿ. 22 ಇಂಚಿನ ನಳಿಕೆ. ಇದಕ್ಕಿಂತ ಹಗುರದ್ದು ಹೊತ್ತು ನೋಡಿದ್ದೇನೆ, ಹತ್ತುವಾಗ ಹಿತ, ಹೊಡೆಯುವಾಗ ಅಲ್ಲ.

ಅಂಜಿಕೆ ಹೇಗಿರುತ್ತೆ ಅಂತ ನೋಡಬೇಕಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ಚಿಕಾಗೋದಿಂದ ಬರುವ ನಮ್ಮ ಸ್ನೇಹಿತರೊಬ್ಬರ ಹತ್ತಿರ 300 ವಿನ್ ಮ್ಯಾಗ್ ರೈಫಲ್ ಇದೆ, ತುಂಬ ಜೋರಿನ ತೋಟಾದ್ದು. ಜಿಂಕೆಗೆ ಅಷ್ಟೊಂದು ಯಾಕೆ ಅಂದರೆ, "ಇರಲಿ ಬಿಡ್ರಿ, ಜಾಸ್ತಿ ಇದ್ರೆ ನಷ್ಟ ಏನು?" ಅನ್ನುತ್ತಾರೆ. ಗುರಿ ಅಭ್ಯಾಸದ ರೇಂಜಿನಲ್ಲಿ ಅವರಿಗೇ ಹೇಳಿ, ಅಸಲಿ ತೋಟಾಗಳ ಮಧ್ಯೆ ಒಂದು ಖಾಲಿ ಡಮ್ಮಿ ಸೇರಿಸಿಟ್ಟೆವು. ಯಾವಾಗ ಬರುತ್ತೆ ಅಂತ ಅವರಿಗೆ ಗೊತ್ತಿಲ್ಲ. ಡಮ್ಮಿಯ ಸರದಿ ಬಂತು. ಕೋವಿಯ ಕುದುರೆ (ಟ್ರಿಗರ್) ಎಳೆದರು, ಟಿಕ್ ಅಂತು ಅಷ್ಟೆ. ಆದರೆ ನಳಿಕೆಯ ತುದಿ ಒಂದು ಗೇಣು ಕೆಳಗೆ ಕುಕ್ಕಿತ್ತು, ಎಡಗಣ್ಣು ಬಿಗಿಯಾಗಿ ಮುಚ್ಚಿತ್ತು. ಒದೆತ ಬರುವ ಮೊದಲೇ ಭುಜ ಅದನ್ನು ತಡೆಯಲು ಮುಂದೆ ನುಗ್ಗಿತ್ತು. ಅವರು ನಕ್ಕುಬಿಟ್ಟರು, ಆಮೇಲೆ ಸುಮ್ಮನಾದರು. ನಂತರ ನಮ್ಮ ರೈಫಲ್ ಕೊಟ್ಟೆವು. ಅದೇ ಮನುಷ್ಯ ನೂರು ಯಾರ್ಡ್‌ನಲ್ಲಿ ಮೂರು ಗುಂಡನ್ನು ಅಂಗೈಯಲ್ಲಿ ಮುಚ್ಚುವಷ್ಟು ಜಾಗದಲ್ಲಿ ಇಟ್ಟರು. ಜಿಂಕೆಯ ಶ್ವಾಸಕೋಶ, ಹೃದಯ ಇರುವ ಜಾಗ ಎಂಟು ಹತ್ತು ಇಂಚು ಅಗಲ. ಅದರೊಳಗೆ ಪ್ರತಿ ಸಲ ಇಡಬಲ್ಲ ತೋಟಾ ಯಾವುದೋ ಅದೇ ನಿಮಗೆ ಶಕ್ತಿವಂತ ತೋಟಾ.

ಹೆಂಡತಿಗೆ ಕಲಿಸುವಾಗ ಹಾರ್ನಡಿಯ ಕಸ್ಟಮ್ ಲೈಟ್ ಬಳಸಿದೆವು. 120 ಗ್ರೇನ್ ಗುಂಡು, ಸೆಕೆಂಡಿಗೆ 2675 ಅಡಿ ವೇಗ. ಒದೆತ ಎದ್ದು ಕಾಣುವಷ್ಟು ಕಡಿಮೆ. ಹತ್ತಿರದ ಜಿಂಕೆಗೆ ಇದೇ ಸಾಕು, ಕಲಿಯುವವರು ಮೊದಲ ಸೀಸನ್‌ಗೂ ಇದನ್ನೇ ಒಯ್ಯಬಹುದು. ಕೈ ಕುದುರಿದ ಮೇಲೆ ಅದೇ ಕಂಪನಿಯ ಅಮೆರಿಕನ್ ವೈಟ್‌ಟೇಲ್‌ಗೆ ಬಂದೆವು. 139 ಗ್ರೇನ್, 2840 ಅಡಿ. ಒಂದು ಎಚ್ಚರ. ಎರಡೂ ತೋಟಾ ಒಂದೇ ಕಡೆ ಬೀಳೋದಿಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿದರೆ ಸ್ಕೋಪ್ ಮತ್ತೆ ಹೊಂದಿಸಿಕೊಳ್ಳಲೇಬೇಕು. ಪೆಟ್ಟಿಗೆ ನೋಡೋಕೆ ಒಂದೇ ಥರ ಇದೆ ಅಂತ ಅವಸರದಲ್ಲಿ ಬೆರೆಸಿಕೊಂಡು ಹೊರಡಬೇಡಿ.

ಇನ್ನೊಂದು ಮಾತು, ರೈಫಲ್‌ನ ಭುಜಕ್ಕೆ ಆನಿಸುವ ಹಿಡಿ ಮೈಗೆ ಸರಿಯಾಗಿ ಕೂರದಿದ್ದರೆ ಯಾವ ತೋಟಾ ಹಾಕಿದರೂ ಕಷ್ಟ. ಹೆಂಡತಿ ಐದಡಿ ಎರಡಿಂಚು. ಗಂಡಸರ ಅಳತೆಯ ಹಿಡಿ ಅವಳಿಗೆ ಉದ್ದವಾಗಿ, ಕತ್ತು ಚಾಚಿ ಸ್ಕೋಪ್ ನೋಡಬೇಕಾಗಿತ್ತು. ನಮ್ಮ ರೈಫಲ್‌ನ ಹಿಂಬದಿಯಲ್ಲಿ ತೆಗೆದು ಹಾಕುವ ಪಟ್ಟಿಗಳಿವೆ. ಒಂದಿಂಚು ಕಡಿಮೆ ಮಾಡಿದ್ದೇ ತಡ, "ರೀ, ತೋಟಾ ಬದಲಾಯಿಸಿದ್ರಾ?" ಅಂತ ಕೇಳಿದಳು. ತೋಟಾ ಅದೇ. ರಬ್ಬರ್ ಪ್ಯಾಡು ಭುಜದ ಸರಿಯಾದ ಜಾಗದಲ್ಲಿ ಕೂತಿತ್ತು, ಅಷ್ಟೇ. ಕಿವಿಗೆ ಒಳಗೊಂದು, ಮೇಲೊಂದು ರಕ್ಷಣೆ ಹಾಕಿಕೊಳ್ಳಿ. ಒದೆತ ಅಂತ ನಾವು ಅಂದುಕೊಳ್ಳುವುದರಲ್ಲಿ ಅರ್ಧ ಪಾಲು ಸದ್ದಿನ ಬೆದರಿಕೆ. ಇದೇ ಕಾರಣಕ್ಕೆ ಮಜಲ್ ಬ್ರೇಕ್ (ನಳಿಕೆಯ ತುದಿಗೆ ಹಾಕುವ ತೂತುಗಳ ಸಾಧನ) ನನಗೆ ಇಷ್ಟವಿಲ್ಲ. ಒದೆತ ಇಳಿಸುತ್ತೆ, ನಿಜ. ಪಕ್ಕದಲ್ಲಿ ಕೂತವರ ಕಿವಿ ಹಾಳು ಮಾಡುತ್ತೆ.

ಕಾಡಿನಲ್ಲಿ ಹೇಗೆ? ಅವಳ ಮೊದಲ ಜಿಂಕೆಯದೇ ಹೇಳುತ್ತೇನೆ. ಕುದುರೆಮಸಾಲೆ ಸೊಪ್ಪಿನ ಹೊಲದ ಅಂಚು, ತೆಳ್ಳಗೆ ಹಿಮ ಬಿದ್ದಿತ್ತು, ದೂರ ನೂರಮೂವತ್ತು ಯಾರ್ಡ್ ಇರಬಹುದು. ದೊಡ್ಡ ಹೆಣ್ಣು ಜಿಂಕೆ, ಪಕ್ಕೆ ನಮ್ಮ ಕಡೆ ತಿರುಗಿಸಿ ನಿಂತಿತ್ತು. ಮುಂಗಾಲಿನ ಸ್ವಲ್ಪ ಹಿಂದೆ ಹೊಡೆದಳು. ಜಿಂಕೆ ಒಮ್ಮೆ ಎಗರಿ ಓಡಿಯೇಬಿಟ್ಟಿತು. "ಅಯ್ಯೋ ತಪ್ಪಿತು ರೀ" ಅಂದಳು. "ತಪ್ಪಿಲ್ಲ, ಬಾಲ ಎತ್ತಲಿಲ್ಲ ನೋಡು" ಅಂದೆ. ಒದೆತ ಕಡಿಮೆ ಇದ್ದದ್ದರಿಂದ ಸ್ಕೋಪಿನಿಂದ ಅವಳ ಕಣ್ಣು ಆಚೆ ಹೋಗಿರಲಿಲ್ಲ, ಯಾವ ಮರದ ಸಂದಿಗೆ ನುಗ್ಗಿತು ಅಂತ ಸರಿಯಾಗಿ ತೋರಿಸಿದಳು. ದೊಡ್ಡ ತೋಟಾದಲ್ಲಿ ಈ ಅನುಕೂಲ ಇರೋದಿಲ್ಲ, ಒದೆತಕ್ಕೆ ಸ್ಕೋಪು ಆಕಾಶ ನೋಡುತ್ತದೆ. ಅರ್ಧ ಗಂಟೆ ಬಿಟ್ಟು ಹೋದೆವು. ಹೊಡೆದ ಜಾಗದಲ್ಲಿ ಕಂದು ಕೂದಲು, ಹಿಮದ ಮೇಲೆ ನೊರೆ ಬೆರೆತ ತಿಳಿಗೆಂಪು ರಕ್ತ. ನೊರೆ ಇದ್ದರೆ ಶ್ವಾಸಕೋಶದ ಏಟು. ಜಿಂಕೆ ಐವತ್ತು ಹೆಜ್ಜೆಯೊಳಗೇ ಬಿದ್ದಿತ್ತು. ಗುಂಡು ಒಳಹೋದ ಕಡೆ ಪೆನ್ಸಿಲ್ ದಪ್ಪದ ತೂತು, ಹೊರಬಂದ ಕಡೆ ಹೆಬ್ಬೆರಳು ತೂರುವಷ್ಟು.

ಆಚೆ ಬದಿಯ ಆ ತೂತು ಮುಖ್ಯ. ಅದಿದ್ದರೆ ರಕ್ತದ ಜಾಡು ಸಿಗುತ್ತೆ, ಇಲ್ಲದಿದ್ದರೆ ಕತ್ತಲಲ್ಲಿ ಹುಡುಕಿ ಸಾಯಬೇಕು. .243 ಬದಲು ಇದನ್ನು ಆರಿಸಲು ನನಗಿದ್ದ ಕಾರಣ ಇದೇ. .243 ಜಿಂಕೆ ಕೊಲ್ಲುತ್ತೆ, ಅನುಮಾನ ಬೇಡ. ಆದರೆ ನೂರು ಗ್ರೇನ್ ಗುಂಡು ಭುಜದ ಮೂಳೆಗೆ ಬಡಿದರೆ ಒಮ್ಮೊಮ್ಮೆ ಒಳಗೇ ಉಳಿಯುತ್ತದೆ. 139 ಗ್ರೇನ್‌ನದ್ದು ನಮಗೆ ಈವರೆಗೆ ಹಾಗೆ ಮಾಡಿಲ್ಲ.

ಮಾಂಸದ ಲೆಕ್ಕದಲ್ಲೂ ಇದು ಒಳ್ಳೆಯದು. ಭುಜದ ಹಿಂದೆ ಪಕ್ಕೆಲುಬಿಗೆ ಹೊಡೆದರೆ ಹಾಳಾಗೋದು ತುಂಬ ಕಡಿಮೆ. ಭುಜಕ್ಕೇ ಹೊಡೆದರೆ ಒಂದಿಷ್ಟು ರಕ್ತ ಕಟ್ಟಿದ ಮಾಂಸ ಬಿಸಾಡಬೇಕು. ಸೀಸದ ಚೂರಿನ ಚಿಂತೆ ಇರುವವರಿಗೆ ಬಾರ್ನ್ಸ್‌ನ 120 ಗ್ರೇನ್ ತಾಮ್ರದ ಗುಂಡು ಇದೇ ತೋಟಾದಲ್ಲಿ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸ ಪೂರ್ತಿ ನಿಷೇಧ, ಅಲ್ಲಿನವರಿಗೆ ಬೇರೆ ದಾರಿ ಇಲ್ಲ. ನಮ್ಮ ಭಾಗದಲ್ಲಿ 2002ರಲ್ಲಿ ಜಿಂಕೆಗಳಲ್ಲಿ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್, ಜಿಂಕೆಗಳನ್ನು ಸೊರಗಿಸಿ ಕೊಲ್ಲುವ ರೋಗ) ಪತ್ತೆಯಾಯಿತು. ಹಾಗಾಗಿ ಹೊಡೆದ ಜಿಂಕೆಯ ಮಾದರಿ ಪರೀಕ್ಷೆಗೆ ಕೊಟ್ಟು, ಫಲಿತಾಂಶ ಬಂದ ಮೇಲೇ ಖಾರ ಅರೆಯೋದು.

ಇನ್ನು ದೂರು. 7ಎಂಎಂ-08 ಸಣ್ಣ ಊರಿನ ಅಂಗಡಿಗಳಲ್ಲಿ ಸಿಗೋದೇ ಅಪರೂಪ. .308 ಇರುತ್ತೆ, 30-06 ಇರುತ್ತೆ, .270 ಇರುತ್ತೆ, 6.5 ಕ್ರೀಡ್‌ಮೂರ್ ಕಪಾಟು ತುಂಬ ಇರುತ್ತೆ. ಇದನ್ನು ಕೇಳಿದರೆ "ಮುಂದಿನ ವಾರ ನೋಡಿ" ಅನ್ನುತ್ತಾರೆ. ಕೊರೊನಾ ಕಾಲದ ತೋಟಾ ಬರದಲ್ಲಂತೂ ಕಣ್ಣಿಗೇ ಬೀಳಲಿಲ್ಲ. ಸಿಕ್ಕಾಗ ಬೆಲೆಯೂ .308ಕ್ಕಿಂತ ಸ್ವಲ್ಪ ಜಾಸ್ತಿ. ನವೆಂಬರ್‌ನಲ್ಲಿ ಹುಡುಕಿಕೊಂಡು ಹೊರಟರೆ ಆಗೋದಿಲ್ಲ, ಬೇಸಿಗೆಯಲ್ಲೇ ತಂದಿಡಬೇಕು.

6.5 ಕ್ರೀಡ್‌ಮೂರ್ ಯಾಕೆ ಬೇಡ ಅಂತ ಕೇಳುವವರು ಬಹಳ. ಬೇಡ ಅನ್ನಲು ಕಾರಣವೇ ಇಲ್ಲ. 2007ರಲ್ಲಿ ಹಾರ್ನಡಿ ತಂದದ್ದು, ಗುರಿ ಸ್ಪರ್ಧೆಗೆ ಅಂತಲೇ ಮಾಡಿದ್ದು, ದೂರಕ್ಕೆ ಇದಕ್ಕಿಂತ ಚೆನ್ನ. ಒದೆತ ಒಂದು ಕೂದಲಷ್ಟು ಕಡಿಮೆ. ಮುನ್ನೂರು ಯಾರ್ಡ್ ಒಳಗೆ ಜಿಂಕೆಗೆ ಎರಡರ ವ್ಯತ್ಯಾಸ ತಿಳಿಯೋದಿಲ್ಲ. ನನಗೆ ಸ್ವಲ್ಪ ದಪ್ಪ ಗುಂಡು ಇಷ್ಟ, ಮುಂದೆ ಯಾವತ್ತಾದರೂ ಎಲ್ಕ್ (ಕಡವೆಯಂಥ ದೊಡ್ಡ ಪ್ರಾಣಿ) ಬೇಟೆಗೆ ಹೋಗುವ ಆಸೆಯೂ ಇದೆ, ಅದಕ್ಕೆ ಇತ್ತ ಬಂದೆ. ತೋಟಾ ಸುಲಭವಾಗಿ ಸಿಗಬೇಕು ಅನ್ನೋದೇ ನಿಮಗೆ ಮುಖ್ಯವಾದರೆ ಕಣ್ಣು ಮುಚ್ಚಿ ಕ್ರೀಡ್‌ಮೂರ್ ತಗೊಳ್ಳಿ.

ಒಹಾಯೊದಲ್ಲಿರುವವರು ಇದನ್ನೆಲ್ಲ ಓದಿ ರೈಫಲ್ ಕೊಳ್ಳಲು ಓಡಬೇಡಿ. ಅಲ್ಲಿ ಜಿಂಕೆಗೆ ಕತ್ತು ಕಿರಿದಾದ ತೋಟಾ ಬಳಸುವ ಹಾಗಿಲ್ಲ, ನೇರ ಗೋಡೆಯ ಕೇಸೇ ಆಗಬೇಕು. ಅಂಥವರಿಗೆ 2019ರಲ್ಲಿ ವಿಂಚೆಸ್ಟರ್ ತಂದ .350 ಲೆಜೆಂಡ್ ಇದೆ. ಒದೆತ ಬಹಳ ಕಡಿಮೆ, ಆದರೆ ನೂರೈವತ್ತು ಯಾರ್ಡ್ ದಾಟಿ ಅದನ್ನು ನಾನು ನಂಬೋದಿಲ್ಲ.

ಕೊನೆಯದಾಗಿ ವೀಸಾ. ಗ್ರೀನ್ ಕಾರ್ಡ್ ಇದ್ದರೆ ರೈಫಲ್ ಕೊಳ್ಳಬಹುದು. ಎಚ್-1ಬಿಯಂಥ ವೀಸಾದಲ್ಲಿರುವವರಿಗೆ ಬಂದೂಕು, ತೋಟಾ ಎರಡೂ ಇಟ್ಟುಕೊಳ್ಳುವುದು ಕೇಂದ್ರ ಕಾನೂನಿನ ಪ್ರಕಾರ ಸಾಮಾನ್ಯವಾಗಿ ನಿಷಿದ್ಧ. ರಾಜ್ಯದ ಚಾಲ್ತಿ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರಿಗೆ ಆ ಲೈಸೆನ್ಸ್ ಸಿಗಬೇಕಾದರೆ ಬೇಟೆ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಸೀಸನ್ ಹತ್ತಿರ ಬಂದ ಹಾಗೆ ಕ್ಲಾಸುಗಳು ಬೇಗ ತುಂಬುತ್ತವೆ, ಬೇಸಿಗೆಯಲ್ಲೇ ಹೆಸರು ಕೊಡಿ. ತೋಟಾವನ್ನೂ ಆಗಲೇ ತಂದಿಟ್ಟುಕೊಳ್ಳಿ.